ಎರವಲು ತಂದ ಆಟಿಕೆ

ಲಂಡನ್ನಿನ ಉತ್ತರದಂಚಿನ ಎನ್‌ಫೀಲ್ಡ್‌ನಲ್ಲಿ 1967ರಲ್ಲಿ ಜಿಲ್ ನಾರಿಸ್ ಎಂಬ ತಾಯಿ ಒಂದು ಗ್ರಂಥಾಲಯ ಆರಂಭಿಸಿದರು. ಅಲ್ಲಿ ಎರವಲು ಕೊಡುತ್ತಿದ್ದುದು ಆಟಿಕೆಗಳನ್ನು. ಅವರ ಇಬ್ಬರು ಮಕ್ಕಳಿಗೆ ಅಂಗವೈಕಲ್ಯವಿತ್ತು. ತಮ್ಮಂತೆಯೇ ಹೆಣಗುತ್ತಿದ್ದ ನೆರೆಹೊರೆಯ ಕುಟುಂಬಗಳಿಗೆಂದೇ ಹುಟ್ಟಿಕೊಂಡ ಏರ್ಪಾಡು ಅದು.

ಆಟಿಕೆಯನ್ನು ಎರವಲು ಕೊಡುವುದು ಅದಕ್ಕೂ ಮುಂಚೆ ಇರಲಿಲ್ಲವೆಂದಲ್ಲ. ಆರ್ಥಿಕ ಕುಸಿತದ ಕಾಲದಲ್ಲಿ, 1935ರಲ್ಲೇ, ಲಾಸ್ ಏಂಜಲೀಸ್‌ನಲ್ಲಿ ಬಡ ಮಕ್ಕಳಿಗಾಗಿ ಅಂಥದೊಂದು ಯೋಜನೆ ಶುರುವಾಗಿತ್ತು. ಆದರೆ ಬೆಳವಣಿಗೆ ನಿಧಾನವಾದ ಮಕ್ಕಳ ಮನೆಗಳನ್ನೇ ಗಮನದಲ್ಲಿಟ್ಟು ರೂಪಿಸಿದ್ದು ಸ್ವೀಡನ್ನಿನಲ್ಲಿ. 1963ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಕರೀನ್ ಸ್ಟೆನ್ಸ್‌ಲಾಂಡ್ ಯುಂಕರ್ ಮತ್ತು ಈವಿ ಬ್ಲಿಡ್ ಎಂಬ ಮಹಿಳೆಯರು 'ಲೆಕೊಟೆಕ್' ತೆರೆದರು. ಇಂಥ ಮಗು ಹುಟ್ಟಿದರೆ ಯಾವುದಾದರೂ ಸಂಸ್ಥೆಗೆ ಸೇರಿಸಿ ಮರೆತುಬಿಡಿ ಎಂದು ವೈದ್ಯರೇ ಹೇಳುತ್ತಿದ್ದ ದಿನಗಳವು. ಇಂಥ ಮಕ್ಕಳಲ್ಲಿ ಹಲವರಿಗಿದ್ದ ಡೌನ್ ಸಿಂಡ್ರೋಮ್‌ಗೆ ಕಾರಣ 21ನೇ ವರ್ಣತಂತುವಿನ ಒಂದು ಹೆಚ್ಚುವರಿ ಪ್ರತಿ ಎಂಬುದನ್ನು ಪ್ಯಾರಿಸ್ಸಿನ ಸಂಶೋಧಕರು 1959ರಲ್ಲಷ್ಟೇ ಪ್ರಕಟಿಸಿದ್ದರು. ಕಾರಣವೇನೋ ತಿಳಿಯಿತು. ನಾಳೆ ಬೆಳಗ್ಗೆ ಮಗುವಿನ ಜೊತೆ ಏನು ಮಾಡಬೇಕೆಂದು ತಾಯಿಗೆ ಹೇಳುವವರಿರಲಿಲ್ಲ.

ಲೆಕೊಟೆಕ್‌ನ ಹೆಚ್ಚುಗಾರಿಕೆ ಇರುವುದು ಇಲ್ಲಿಯೇ. ತಂದೆತಾಯಿ ಮಗುವನ್ನು ಕರೆತರುತ್ತಿದ್ದರು. ಶಿಕ್ಷಕಿ ನೆಲದ ಮೇಲೆ ಕೂತು ಅದರೊಂದಿಗೆ ಆಡಿ, ಅದು ಏನನ್ನು ಹಿಡಿಯುತ್ತದೆ, ಏನನ್ನು ಕೈಬಿಡುತ್ತದೆ, ಯಾವುದಕ್ಕೆ ತಿರುಗಿ ನೋಡುತ್ತದೆ ಎಂದು ಗಮನಿಸಿ, ಆಮೇಲೆ ಆಟಿಕೆಗಳನ್ನು ಆರಿಸಿ ಮನೆಗೆ ಕಳಿಸುತ್ತಿದ್ದರು. ಮುಂದಿನ ಭೇಟಿಯಲ್ಲಿ ಅವನ್ನು ಮರಳಿಸಿ ಬೇರೆಯವನ್ನು ಒಯ್ಯಬಹುದಿತ್ತು. ಡೌನ್ ಸಿಂಡ್ರೋಮ್ ಇರುವ ಮಗುವಿನ ಸ್ನಾಯುಗಳು ಸಡಿಲ, ಬೆರಳುಗಳು ಗಿಡ್ಡ. ಕಂಬಿಗೆ ಬಳೆ ಪೋಣಿಸುವ ಆಟವೂ ಅದಕ್ಕೆ ದೊಡ್ಡ ಸಾಹಸವೇ. ಒಂದೇ ಹಂತದಲ್ಲಿ ತಿಂಗಳುಗಟ್ಟಲೆ ನಿಂತಿದ್ದ ಮಗು ಒಂದು ದಿನ ಥಟ್ಟನೆ ಮುಂದಕ್ಕೆ ಹೋಗಿಬಿಡುತ್ತದೆ. ಯಾವ ಮನೆಯವರು ತಾನೇ ಪ್ರತಿ ಹಂತಕ್ಕೂ ಹತ್ತು ಬಗೆಯ ಆಟಿಕೆ ಕೊಂಡು ಪರೀಕ್ಷಿಸಿ ನೋಡಲು ಸಾಧ್ಯ?

ಆಟಿಕೆಗಳಂತೆಯೇ ಓದಿನ ಕಾರ್ಡುಗಳೂ ಇಂಥ ಮಕ್ಕಳ ಕೈಗೆ ಬಂದ ಬಗೆ ನನಗೆ ಬಲು ಪ್ರಿಯವಾದ ಕಥೆ. ಇಂಗ್ಲೆಂಡಿನ ಲೆಸ್ಲಿ ಡಫೆನ್ ಎಂಬವರು ಡೌನ್ ಸಿಂಡ್ರೋಮ್ ಇದ್ದ ತಮ್ಮ ಮಗಳು ಸಾರಾಳಿಗೆ ಮೂರು ವರ್ಷದಿಂದಲೇ ಪದಗಳನ್ನು ಬರೆದ ಕಾರ್ಡು ತೋರಿಸಿ ಓದು ಕಲಿಸಿದ್ದರು. ಆ ವಿಷಯವನ್ನು ಪೋರ್ಟ್ಸ್‌ಮತ್‌ನ ಮನಶ್ಶಾಸ್ತ್ರಜ್ಞೆ ಸ್ಯೂ ಬಕ್ಲಿಗೆ ಪತ್ರ ಬರೆದು ತಿಳಿಸಿದರು. ಇಂಥ ಮಕ್ಕಳು ಓದಲಾರರು ಎಂಬ ನಂಬಿಕೆ ಗಟ್ಟಿಯಾಗಿದ್ದ ಕಾಲ. ಬಕ್ಲಿ ಪತ್ರವನ್ನು ಮಡಚಿಟ್ಟು ಸುಮ್ಮನಾಗಲಿಲ್ಲ, 1980ರಲ್ಲಿ ಸಂಶೋಧನೆಗೆ ಇಳಿದರು. ಕಿವಿಯಿಂದ ಕೇಳಿದ್ದನ್ನು ನೆನಪಿಡಲು ತೊಡಕಿರುವ ಈ ಮಕ್ಕಳಿಗೆ ಕಣ್ಣಿಂದ ಕಂಡದ್ದು ಹೆಚ್ಚು ನಿಲ್ಲುತ್ತದೆ, ಅಚ್ಚಾದ ಪದ ಮಾತಿಗೂ ಮೆಟ್ಟಿಲಾಗುತ್ತದೆ ಎಂಬ ತಿಳಿವು ಆ ಕೆಲಸದಿಂದ ಬೆಳೆಯಿತು. ಒಬ್ಬ ಅಪ್ಪ ಮನೆಯಲ್ಲಿ ಮಾಡಿದ ಕಾರ್ಡುಗಳಿಗೆ ಅಷ್ಟು ಶಕ್ತಿಯಿತ್ತು.

ಆಟಿಕೆ ಗ್ರಂಥಾಲಯಗಳ ಮುಂದಿನ ಕಥೆಯನ್ನು ಬೇಗ ಹೇಳಬಹುದು. ಬ್ರಿಟನ್ನಿನಲ್ಲಿ 1972ರಲ್ಲಿ ಆಟಿಕೆ ಗ್ರಂಥಾಲಯಗಳ ಸಂಘ ಹುಟ್ಟಿತು. 1980ರಲ್ಲಿ ಲೆಕೊಟೆಕ್ ಅಮೆರಿಕದ ಇವಾನ್‌ಸ್ಟನ್‌ಗೆ ಹೋಯಿತು.

ಆಮೇಲಿನದು ಹೇಳಲು ಬೇಸರ. ಬ್ರಿಟನ್ನಿನ ಸ್ಥಳೀಯ ಆಡಳಿತಗಳು ಖರ್ಚಿಗೆ ಕತ್ತರಿ ಹಾಕಿದಾಗ ಇಂಥ ಎಷ್ಟೋ ಕೇಂದ್ರಗಳು ಬಾಗಿಲು ಹಾಕಿದವು. ಆಟಿಕೆ ಈಗ ಫೋನಿನಲ್ಲೇ ಅಗ್ಗವಾಗಿ ಸಿಗುತ್ತದಲ್ಲ, ಗ್ರಂಥಾಲಯವೇಕೆ ಎನ್ನುವವರಿದ್ದಾರೆ. ಆ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಡಬ್ಬದ ಮೇಲೆ '3ರಿಂದ 5 ವರ್ಷ' ಎಂದು ಬರೆದಿರುತ್ತದೆ; ಐದು ವರ್ಷ ದಾಟಿದರೂ ಆ ಆಟ ಇನ್ನೂ ಕೈಗೆಟುಕದ ಮಗುವಿನ ಅಮ್ಮನಿಗೆ ಆ ಅಂಕಿಯೇ ಒಂದು ಚುಚ್ಚುಮಾತು. ಗ್ರಂಥಾಲಯದ ಶಿಕ್ಷಕಿ ವಯಸ್ಸು ಕೇಳುವ ಮೊದಲು ಮಗುವಿನ ಕೈ ನೋಡುತ್ತಿದ್ದರು. ಆಟಿಕೆ ವಾಪಸು ಕೊಡಲು ಬಂದ ಅಮ್ಮಂದಿರು ಅಲ್ಲಿಯೇ ಒಬ್ಬರಿಗೊಬ್ಬರು ಪರಿಚಯವಾಗುತ್ತಿದ್ದರು. ಪಾರ್ಸಲ್ ತರುವ ಹುಡುಗ ಸಹಿ ಹಾಕಿಸಿಕೊಂಡು ಹೊರಟುಬಿಡುತ್ತಾನೆ.