ನಲವತ್ತರ ವಿದ್ಯಾರ್ಥಿಗೆ ಅಪ್ಪನ ಆದಾಯ ಎಷ್ಟು?

ಪಿಯುಸಿಗೇ ಓದು ನಿಲ್ಲಿಸಿದವರು, ಮಕ್ಕಳು ಹೈಸ್ಕೂಲಿಗೆ ಬಂದ ಮೇಲೆ ಡಿಗ್ರಿ ಮಾಡ್ತೀನಿ ಅಂತ ಹೊರಟರೆ ಮೊದಲು ಕಿವಿಗೆ ಬೀಳೋ ಮಾತು ಯಾವುದು ಹೇಳಿ? 'ಈ ವಯಸ್ಸಲ್ಲಿ ನಿಮಗೆ ಯಾರ್ರೀ ಸಾಲ ಕೊಡ್ತಾರೆ, ಯಾರ್ರೀ ಸ್ಕಾಲರ್‌ಶಿಪ್ ಕೊಡ್ತಾರೆ?' ಮನೆಯಲ್ಲೂ ಇದೇ ಮಾತು, ಬ್ಯಾಂಕ್ ಕೌಂಟರ್‌ನಲ್ಲೂ ಇದೇ ಮಾತು. ನಿಯಮ ಏನು ಹೇಳುತ್ತೆ ಅಂತ ತೆಗೆದು ನೋಡಿದವರು ಮಾತ್ರ ಕಡಿಮೆ.

ಇಂಜಿನಿಯರಿಂಗ್ ಓದಿದವರಿಗೆ ಡಿಫಾಲ್ಟ್ ವ್ಯಾಲ್ಯೂ ಅಂದರೆ ಗೊತ್ತು. ಪ್ರೋಗ್ರಾಂನಲ್ಲಿ ನೀವು ಏನೂ ತುಂಬದಿದ್ದರೆ ಅದೇ ಬಂದು ಕೂತುಬಿಡುತ್ತೆ. ನಮ್ಮ ಶಿಕ್ಷಣ ನೆರವಿನ ಅರ್ಜಿಗಳಲ್ಲಿ ವಿದ್ಯಾರ್ಥಿ ಅಂದರೆ ಹದಿನೆಂಟು ವರ್ಷದವರು, ಅಪ್ಪನ ದುಡಿಮೆಯಲ್ಲಿ ಓದುವವರು. ಅದು ಡಿಫಾಲ್ಟ್. ಕಟ್ಟಡ ಕಾರ್ಮಿಕರ ಮಂಡಳಿಯ ಶೈಕ್ಷಣಿಕ ಸಹಾಯಧನ ನೋಡಿ, ಅದು ಕಾರ್ಮಿಕರ ಮಕ್ಕಳಿಗೆ. ಗಾರೆ ಕೆಲಸದವನೇ ಓದಲು ಕೂತರೆ? ಆ ಪ್ರಶ್ನೆಯನ್ನು ಯಾರೂ ಕೇಳಿಕೊಂಡಂತಿಲ್ಲ. ಕೇಂದ್ರದ ಮೆರಿಟ್ ಸ್ಕಾಲರ್‌ಶಿಪ್‌ಗೆ ಪಿಯುಸಿಯಲ್ಲಿ ಬೋರ್ಡಿನ ಮೇಲಿನ ಶೇ. 20ರಲ್ಲಿ ಇರಬೇಕು, ರೆಗ್ಯುಲರ್ ಕಾಲೇಜೇ ಆಗಬೇಕು. ದೂರಶಿಕ್ಷಣಕ್ಕೆ ಅದು ಇಲ್ಲವೇ ಇಲ್ಲ.

ಹಾಗಾದರೆ ಎಲ್ಲ ಬಾಗಿಲೂ ಮುಚ್ಚಿದೆಯಾ? ಇಲ್ಲ. ಬ್ಯಾಂಕುಗಳ ಸಂಘ, ಅಂದರೆ ಐಬಿಎ, ಒಂದು ಮಾದರಿ ಶಿಕ್ಷಣ ಸಾಲ ಯೋಜನೆ ರೂಪಿಸಿದೆ. ಬ್ಯಾಂಕುಗಳು ತಮ್ಮ ಯೋಜನೆ ಮಾಡಿಕೊಳ್ಳುವುದು ಅದನ್ನು ನೋಡಿಕೊಂಡೇ. ಅದರಲ್ಲಿ ವಿದ್ಯಾರ್ಥಿಯ ವಯಸ್ಸಿಗೆ ನಿರ್ದಿಷ್ಟ ಮಿತಿ ಇಲ್ಲ ಅಂತ ಬರೆದೇ ಇದೆ! ಇನ್ನೊಂದು ಸಾಲು ಇನ್ನೂ ಚೆನ್ನಾಗಿದೆ. ಸಾಲಕ್ಕೆ ಜೊತೆಯಾಗಿ ಸಹಿ ಹಾಕಬೇಕಾದವರು ಅಪ್ಪ ಅಮ್ಮ. ಆದರೆ ವಿದ್ಯಾರ್ಥಿಗೆ ಮದುವೆಯಾಗಿದ್ದರೆ ಗಂಡ ಅಥವಾ ಹೆಂಡತಿ ಹಾಕಬಹುದು, ಅತ್ತೆ ಮಾವನೂ ಹಾಕಬಹುದು. ಮದುವೆಯಾದವರೂ ಓದೋಕೆ ಬರ್ತಾರೆ ಅಂತ ಆ ನಿಯಮ ಬರೆದವರು ಯೋಚಿಸಿದ್ದಾರೆ. ಕೌಂಟರ್‌ನಲ್ಲಿ ಕೂತವರು ಯೋಚಿಸಿಲ್ಲ, ಅಷ್ಟೇ. ಈ ಮಾದರಿಯಲ್ಲಿ 4 ಲಕ್ಷದವರೆಗೆ ನೀವು ಕೈಯಿಂದ ಪಾಲು ಹಾಕಬೇಕಿಲ್ಲ, ಆಸ್ತಿ ಅಡವೂ ಬೇಡ.

2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿಯಲ್ಲಿ ಅಡಮಾನವೂ ಇಲ್ಲ, ಜಾಮೀನುದಾರರೂ ಬೇಡ. ಕುಟುಂಬದ ಆದಾಯ 8 ಲಕ್ಷದೊಳಗಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ ಶೇ. 3 ಬಡ್ಡಿ ರಿಯಾಯಿತಿ ಪಡೆಯಲು ಅವಕಾಶ. ಆದರೆ ಕಾಲೇಜು ಸರ್ಕಾರದ ಪಟ್ಟಿಯಲ್ಲಿರಬೇಕು. ಸೀಟು ಹಿಡಿಯೋ ಮುಂಚೆಯೇ ಆ ಪಟ್ಟಿ ನೋಡಿ.

ಪರಿಶಿಷ್ಟ ಜಾತಿಯವರಿಗೆ ಇರುವ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನದ ಕೇಂದ್ರ ನಿಯಮಗಳಲ್ಲಿ ದೂರಶಿಕ್ಷಣವೂ ಸೇರಿದೆ. ಆದಾಯದ ಮಿತಿ 2.5 ಲಕ್ಷ. ಮದುವೆಯಾದ, ಕೆಲಸವಿಲ್ಲದ ಹೆಣ್ಣುಮಗಳಾದರೆ ಲೆಕ್ಕಕ್ಕೆ ಬರೋದು ಗಂಡನ ಆದಾಯ, ಅಪ್ಪನದ್ದಲ್ಲ. ಇದು ಗೊತ್ತಿಲ್ಲದೆ ತವರಿನ ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಗೆ ಅಲೆಯಬೇಡಿ. ನಮ್ಮ ರಾಜ್ಯದಲ್ಲಿ ಅರ್ಜಿ ಹಾಕೋದು ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ. ಆಧಾರ್‌ನಲ್ಲಿ ಒಂದು ಹೆಸರು, ಹಳೇ ಮಾರ್ಕ್ಸ್ ಕಾರ್ಡ್‌ನಲ್ಲಿ ಇನ್ನೊಂದು ಹೆಸರು ಇದ್ದರೆ ಮೊದಲು ಅದನ್ನು ಸರಿ ಮಾಡಿಸಿ. ಮದುವೆಯಾದ ಮೇಲೆ ಹೆಸರು ಬದಲಾದವರಿಗೆ ತೊಡಕಾಗೋದು ಅಲ್ಲೇ.

ಕೆಲಸ ಬಿಡೋಕಾಗಲ್ಲ ಅನ್ನೋರಿಗೆ ಮೈಸೂರಿನ ಮುಕ್ತ ವಿವಿ ಇದೆ, ಇಗ್ನೋ ಇದೆ. ಬಿ.ಎ.ಗೆ ವರ್ಷದ ಶುಲ್ಕ ಸಾವಿರಗಳ ಲೆಕ್ಕದಲ್ಲಿರುತ್ತೆ. ನನ್ನ ಪ್ರಕಾರ ಅದಕ್ಕೆ ಸಾಲ ಮಾಡಲೇಬಾರದು. ಶುಲ್ಕ ರಿಯಾಯಿತಿ ಯಾರ್ಯಾರಿಗಿದೆ ಅಂತ ಪ್ರವೇಶ ಪ್ರಕಟಣೆಯನ್ನು ಪೂರ್ತಿ ಓದಿ. ಆದರೆ 'ಒಂದೇ ವರ್ಷದಲ್ಲಿ ಡಿಗ್ರಿ' ಅಂತ ಬೋರ್ಡ್ ಹಾಕಿಕೊಂಡವರ ಹತ್ತಿರ ದುಡ್ಡು ಕಟ್ಟಬೇಡಿ ಸ್ವಾಮಿ. ಮುಕ್ತ ವಿವಿಗೇ ಯುಜಿಸಿ ಮಾನ್ಯತೆ ತಪ್ಪಿ, 2018ರಲ್ಲಿ ಮತ್ತೆ ಸಿಕ್ಕಿದ್ದು. ನಡುವಿನ ವರ್ಷಗಳಲ್ಲಿ ಸೇರಿದವರು ಪಟ್ಟ ಪಾಡು ಸಣ್ಣದಲ್ಲ. ನಿಮ್ಮ ಕೋರ್ಸು ನೀವು ಸೇರುವ ವರ್ಷಕ್ಕೆ ಯುಜಿಸಿ ಪಟ್ಟಿಯಲ್ಲಿ ಇದೆಯಾ ಅಂತ ನೋಡಿಯೇ ಶುಲ್ಕ ಕಟ್ಟಿ.

ದುಡಿಯುತ್ತಾ ಓದುವವರಿಗೆ ಒಂದು ಲಾಭವೂ ಇದೆ. ಶಿಕ್ಷಣ ಸಾಲಕ್ಕೆ ಕಟ್ಟುವ ಬಡ್ಡಿಯಷ್ಟೂ 8 ವರ್ಷದವರೆಗೆ ಆದಾಯ ತೆರಿಗೆಯಲ್ಲಿ ಕಳೆಯಬಹುದು. ಇದಕ್ಕೆ ಹಳೇ ತೆರಿಗೆ ಪದ್ಧತಿಯಲ್ಲೇ ಇರಬೇಕು, ಹೊಸದರಲ್ಲಿ ಸಿಗಲ್ಲ.

ಇಷ್ಟಾದ ಮೇಲೂ ಬ್ಯಾಂಕಿನವರು 'ನಿಮಗೆ ವಯಸ್ಸಾಯ್ತು' ಅಂದರೆ? ವಾಪಸ್ ಬರಬೇಡಿ. ಅರ್ಜಿ ಕೊಟ್ಟು ಸ್ವೀಕೃತಿ ತಗೊಳ್ಳಿ. ಅದೇ ಮಾದರಿ ಯೋಜನೆ ಪ್ರಕಾರ ಸಾಲ ನಿರಾಕರಿಸಲು ಮೇಲಿನ ಅಧಿಕಾರಿಯ ಒಪ್ಪಿಗೆ ಬೇಕು, ಕಾರಣವನ್ನೂ ಅರ್ಜಿದಾರರಿಗೆ ತಿಳಿಸಬೇಕು. ಆ ಕಾರಣವನ್ನು ಬರವಣಿಗೆಯಲ್ಲಿ ಕೊಡಿ ಅಂತ ಕೇಳಿ.