ಕಾಲಿನ ಗಂಟು, ಕರಿ ಚುಕ್ಕಿ, 96 ಗುಳಿಗಳ ಅಳಗುಳಿಮಣೆ

ಇವತ್ತು ಚರ್ಮಕ್ಕೆ ಹತ್ತೋ ಬೂಷ್ಟಿನ ವಿಷಯ. ಹುಳುಕಡ್ಡಿ ಅಲ್ಲ, ಅದು ಎಲ್ರಿಗೂ ಗೊತ್ತು. ನಾನು ಹೇಳ್ತಿರೋದು ಅಪರೂಪದ ಕ್ರೋಮೋಬ್ಲಾಸ್ಟೋಮೈಕೋಸಿಸ್. ಹೆಸರು ಉದ್ದ, ಚಿಕಿತ್ಸೆ ಇನ್ನೂ ಉದ್ದ.

ಮಂಡ್ಯ, ಮದ್ದೂರು, ಮಳವಳ್ಳಿ ಕಡೆ ಬರಿಗಾಲಲ್ಲಿ ಗದ್ದೆಗೆ ಇಳಿಯೋದು, ಕಬ್ಬಿನ ಸೋಗೆ ತರಚೋದು, ಜಾಲಿ ಮುಳ್ಳು ಚುಚ್ಚೋದು ದಿನಾ ಇರೋದೇ. ಮಣ್ಣು, ಕೊಳೆತ ಕಡ್ಡಿಗಳಲ್ಲಿರೋ ಕಪ್ಪು ಶಿಲೀಂಧ್ರ ಒಳಗೆ ಹೋಗೋದು ಇಂಥ ಗಾಯದಿಂದಲೇ. ತಿಂಗಳುಗಳು, ಕೆಲವೊಮ್ಮೆ ವರ್ಷಗಳು ಕಳೆದ ಮೇಲೆ ನರಹುಲಿಯಂಥ ಗಂಟು ಏಳುತ್ತೆ, ಹೂಕೋಸಿನ ಥರ ಹರಡುತ್ತೆ. ನೋವು ಕಮ್ಮಿ. ಹಾಗಾಗಿ ಅಪ್ಪ, ಚಿಕ್ಕಪ್ಪಂದಿರು 'ಏನೋ ಗಾಯ, ಹೋಯ್ತದೆ ಬಿಡು' ಅಂತಾರೆ. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಇದನ್ನ ನಿರ್ಲಕ್ಷಿತ ಉಷ್ಣವಲಯದ ರೋಗಗಳ ಪಟ್ಟಿಗೆ ಸೇರಿಸಿತು.

ಬರಿಗಣ್ಣಿಗೆ ಇದು ಚರ್ಮದ ಟಿ.ಬಿ. ಥರಾನೂ ಕಾಣಬಹುದು, ಕ್ಯಾನ್ಸರ್ ಥರಾನೂ ಕಾಣಬಹುದು. ಗುರುತು ಸಿಗೋದು ಗಂಟಿನ ಮೇಲಿನ ಸಣ್ಣ ಕರಿ ಚುಕ್ಕಿಗಳಲ್ಲಿ. ಅಲ್ಲಿಂದಲೇ ಕೆರೆದು, ಪೊಟ್ಯಾಷಿಯಂ ಹೈಡ್ರಾಕ್ಸೈಡ್ ಹನಿ ಹಾಕಿ ಮೈಕ್ರೋಸ್ಕೋಪಲ್ಲಿ ನೋಡ್ತಾರೆ. ಕಂದು ಬಣ್ಣದ, ದಪ್ಪ ಗೋಡೆಯ ದುಂಡು ಕೋಶಗಳು ಕಂಡ್ರೆ ರೋಗ ಸಿಕ್ಕಿತು. ಡಾಕ್ಟರುಗಳು ಅವಕ್ಕೆ ಇಟ್ಟಿರೋ ಅಡ್ಡಹೆಸರು ತಾಮ್ರದ ಕಾಸು! ಖರ್ಚು ತೀರಾ ಕಮ್ಮಿ ಇರೋ ಪರೀಕ್ಷೆ ಇದು. ಆದ್ರೆ ಯಾವ ಜಾತಿಯ ಶಿಲೀಂಧ್ರ ಅಂತ ತಿಳಿಯೋಕೆ ಅದನ್ನ ಲ್ಯಾಬಲ್ಲಿ ಬೆಳೆಸಬೇಕು, ಅದಕ್ಕೆ ವಾರಗಳೇ ಬೇಕು. ನೋಡೋಕೆ ಒಂದೇ ಥರ ಇರೋ ಜಾತಿಗಳನ್ನ ಬೇರೆ ಮಾಡೋಕೆ ಡಿಎನ್‌ಎ ಓದಬೇಕಾಗುತ್ತೆ.

ಔಷಧಿ ಪರೀಕ್ಷೆ ಹೆಂಗೆ? ನಾನು ಬಿಕಾಂ ಓದಿದವನು, ನನಗೆ ಲ್ಯಾಬ್ ಅಂದ್ರೆ ಟ್ಯಾಲಿ ಲ್ಯಾಬ್ ಮಾತ್ರ. ಅಳಗುಳಿಮಣೆ ನೆನಪಿಸ್ಕೊಂಡಾಗಲೇ ಅರ್ಥ ಆಗಿದ್ದು. 96 ಗುಳಿಗಳ ಪ್ಲಾಸ್ಟಿಕ್ ತಟ್ಟೆ. ಒಂದು ಸಾಲಲ್ಲಿ ಔಷಧಿಯ ಪ್ರಮಾಣ 16, 8, 4, 2, 1 ಹೀಗೆ ಅರ್ಧರ್ಧ ಇಳೀತಾ ಹೋಗುತ್ತೆ. ಪ್ರತಿ ಗುಳಿಗೂ ಅಷ್ಟೇ ಶಿಲೀಂಧ್ರ. ಬೆಳವಣಿಗೆ ನಿಲ್ಲಿಸಿದ ಅತಿ ಕಮ್ಮಿ ಪ್ರಮಾಣ ಯಾವುದೋ ಅದನ್ನ ಬರ್ಕೊಳ್ತಾರೆ. ಆದ್ರೆ ಈ ರೋಗಕ್ಕೆ 'ಇಷ್ಟಕ್ಕಿಂತ ಕಮ್ಮಿ ಇದ್ರೆ ಪಾಸ್' ಅನ್ನೋ ಒಪ್ಪಿತ ಗಡಿ ಇಲ್ಲ. ತಟ್ಟೆಯಲ್ಲಿ ಗೆದ್ದ ಔಷಧಿ ಕಾಲಲ್ಲಿ ಸೋಲಬಹುದು, ಹಳೇ ಗಂಟಿನ ಗಟ್ಟಿ ಮಾಂಸದೊಳಕ್ಕೆ ಅದು ಸರಿಯಾಗಿ ಇಳಿಯಲ್ಲ.

ಇಷ್ಟಾದ್ರೂ ಒಂದು ವಿಷಯ ಸ್ಪಷ್ಟ. ಹುಳುಕಡ್ಡಿಗೆ ಜನ ಮೆಡಿಕಲ್ ಶಾಪಲ್ಲಿ ಕೇಳಿ ತಗೊಳ್ಳೋ ಫ್ಲುಕೊನಜೋಲ್ ಈ ಶಿಲೀಂಧ್ರಗಳ ಮೇಲೆ ಅಷ್ಟಾಗಿ ನಡೆಯಲ್ಲ. ಸ್ಟೀರಾಯ್ಡ್ ಬೆರೆಸಿದ ಕ್ರೀಮ್ ಹಚ್ಚಿದ್ರಂತೂ ಗುರುತೇ ಮರೆಯಾಗಬಹುದು. ಸಾಮಾನ್ಯವಾಗಿ ಕೊಡೋದು ಇಟ್ರಾಕೊನಜೋಲ್ ಅಥವಾ ಟರ್ಬಿನಫಿನ್, ಅದೂ ಆರು ತಿಂಗಳು, ವರ್ಷ, ಕೆಲವರಿಗೆ ಇನ್ನೂ ಜಾಸ್ತಿ. ಗಂಟು ಚಿಕ್ಕದಿದ್ದಾಗಲೇ ಹೋದ್ರೆ ಕತ್ತರಿಸಿ ತೆಗೆದೇ ಮುಗಿಸಬಹುದು.

ಹೋಗ್ಬೇಕಾದ್ದು ಚರ್ಮರೋಗ ವಿಭಾಗಕ್ಕೆ, ಮಂಡ್ಯದವರಿಗೆ ಮಿಮ್ಸ್ ಇದೆ. 'ಕೆರೆದು ಫಂಗಸ್ ಟೆಸ್ಟ್ ಮಾಡ್ತೀರಾ ಸಾರ್?' ಅಂತ ಕೇಳಿ. ಇಟ್ರಾಕೊನಜೋಲ್ ಕ್ಯಾಪ್ಸೂಲ್ ಬರ್ಕೊಟ್ರೆ ಊಟದ ಜೊತೆ ನುಂಗಬೇಕು, ಗ್ಯಾಸ್ ಮಾತ್ರೆ ಜೊತೆಗೆ ಬೇಡ. ಹೊಟ್ಟೆಯಲ್ಲಿ ಆಮ್ಲ ಇಲ್ದಿದ್ರೆ ಅದು ಮೈಗೆ ಸರಿಯಾಗಿ ಸೇರಲ್ಲ.