ಒಂದೇ ಸಾಲು, ಇಡೀ ಹರಟೆಕಟ್ಟೆ ಅಂಚೆಪೆಟ್ಟಿಗೆಗೆ!

ಮುಂಬಯಿಯ ಜುಹು. ಅಲ್ಲೊಂದು ಸರ್ಕಾರಿ ಸಂಶೋಧನಾ ಸಂಸ್ಥೆಯಿತ್ತು, ಎನ್‌ಸಿಎಸ್‌ಟಿ. 1989ರಲ್ಲಿ ಅಲ್ಲಿಂದ ಅಮೆರಿಕದ ವರ್ಜೀನಿಯಾಕ್ಕೆ ಒಂದು ಲೀಸ್ಡ್ ಲೈನ್ ಜೋಡಣೆಯಾಯಿತು. ನಮ್ಮ ಐಐಟಿಗಳನ್ನೂ ಬೆಂಗಳೂರಿನ ಐಐಎಸ್ಸಿಯನ್ನೂ ಹೆಣೆದಿದ್ದ ಎರ್ನೆಟ್ ಜಾಲಕ್ಕೆ ಅದು ಹೊರಜಗತ್ತಿನ ಬಾಗಿಲು. ಅದರ ವೇಗ ಎಷ್ಟಿತ್ತು? ಊಹಿಸಿ!

ಸೆಕೆಂಡಿಗೆ 9,600 ಬಿಟ್! ಅಂದರೆ ಬರೀ 1,200 ಅಕ್ಷರ! ನಿಮ್ಮ ಮೊಬೈಲಿನ 3 ಎಂಬಿಯ ಒಂದೇ ಒಂದು ಫೋಟೋ ಆ ದಾರಿ ಹಿಡಿದರೆ 40 ನಿಮಿಷಕ್ಕೂ ಮುಟ್ಟದು. ಅಷ್ಟರಲ್ಲಿ ಚರ್ಚ್‌ಗೇಟಿನಲ್ಲಿ ಸ್ಲೋ ಲೋಕಲ್ ಹತ್ತಿದವರು ಅಂಧೇರಿ ಸಮೀಪಿಸಿರುತ್ತಾರೆ!

ಆದರೆ ಮಾತಿಗೆ ಅಷ್ಟು ಸಾಲದೇ? ಸಾಕು, ಬೇಕಾದಷ್ಟಾಯಿತು! ಮೇಲ್ ಹರಿಯಿತು. ಅದರ ಜೊತೆಗೆ ನ್ಯೂಸ್‌ಗ್ರೂಪ್, ಅಂದರೆ ವಿಷಯಕ್ಕೊಂದು ಹರಟೆಕಟ್ಟೆ! ವಾಟ್ಸ್ಆ್ಯಪ್ ಇಲ್ಲ, ಫೇಸ್‌ಬುಕ್ ಇಲ್ಲ. ಆದರೂ ಕ್ರಿಕೆಟ್ಟಿಗೊಂದು ಗುಂಪು, ಭಾರತಕ್ಕೊಂದು ಗುಂಪು. ಕರ್ನಾಟಕಕ್ಕೇ ಮೀಸಲಾದ ಗುಂಪೂ ಬಂತು: ಸಾಕ್ ಡಾಟ್ ಕಲ್ಚರ್ ಡಾಟ್ ಇಂಡಿಯನ್ ಡಾಟ್ ಕರ್ನಾಟಕ!

1995ರ ಆಗಸ್ಟ್ 15. ವಿಎಸ್‌ಎನ್‌ಎಲ್ ಜನಸಾಮಾನ್ಯರಿಗೆ ಇಂಟರ್ನೆಟ್ ತೆರೆಯಿತು. ಮುಂಬಯಿ ಮೊದಲ ಸಾಲಿನಲ್ಲೇ! ವಿದ್ಯಾರ್ಥಿಗಳಿಗೆ 500 ರೂಪಾಯಿಗೆ ಶೆಲ್ ಅಕೌಂಟ್. ಚಿತ್ರವಿಲ್ಲ, ಬಣ್ಣವಿಲ್ಲ, ಮೌಸಿಗೆ ಕೆಲಸವೇ ಇಲ್ಲ. ಅಕ್ಷರಗಳಷ್ಟೇ. ಆ ಅಕ್ಷರಗಳ ಹಿಂದೆ ಏನಿತ್ತು ಗೊತ್ತೇ? ಯೂನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ!

ಒಂದೇ ಒಂದು ಸಂಕಟ. ನ್ಯೂಸ್‌ಗ್ರೂಪಿನ ಮಾತಿಗೆ ಆಯುಸ್ಸು ಕಡಿಮೆ. ಸರ್ವರಿನ ಡಿಸ್ಕ್ ತುಂಬಿತೋ, ಹಳೆಯ ಪೋಸ್ಟು ಅಳಿಸಿಹೋಯಿತು! ಮೇಲ್ ಹಾಗಲ್ಲ. ಫೋಲ್ಡರಿಗೆ ಬಿದ್ದರೆ ಅದು ನಿಮ್ಮದು, ನೀವಾಗಿ ಅಳಿಸುವವರೆಗೆ.

ಹಾಗಾದರೆ ಪೋಸ್ಟನ್ನು ಮೇಲ್ ಮಾಡಿಬಿಟ್ಟರೆ? ಎಷ್ಟು ಕಷ್ಟ ಅಂದುಕೊಂಡಿರಿ?

ಈಗ ಕೇಳಿ! ಆಗಿನ ಸರ್ವರಿನ ಒಳಗೆ ಪ್ರತಿ ನ್ಯೂಸ್‌ಗ್ರೂಪೂ ಒಂದು ಡೈರೆಕ್ಟರಿ. ಪ್ರತಿ ಪೋಸ್ಟೂ ಒಂದು ಫೈಲು. ಫೈಲಿನ ಹೆಸರು? ಬರೀ ಅಂಕಿ! 1, 2, 3... ಎಂಎಚ್ ಎಂಬ ಹಳೆಯ ಮೇಲ್ ಪ್ರೋಗ್ರಾಂ ತನ್ನ ಕಾಗದಗಳನ್ನು ಇಡುವುದು ಹೇಗೆ? ಒಂದು ಕಾಗದಕ್ಕೆ ಒಂದು ಫೈಲು, ಹೆಸರು ಬರೀ ಅಂಕಿ! ಅಕ್ಕತಂಗಿಯರಷ್ಟೇ ಅಲ್ಲ, ಅವಳಿಜವಳಿ! ಡೈರೆಕ್ಟರಿಯನ್ನು ನಕಲು ಮಾಡಿದಿರೋ, ಫೋಲ್ಡರ್ ಸಿದ್ಧ!

ಎಲ್ಲ ಕಾಗದವೂ ಒಂದೇ ಫೈಲಿನಲ್ಲಿ ಬೇಕೇ? ಅದಕ್ಕಿದೆ ಎಂಬಾಕ್ಸ್. ಅದರಲ್ಲಿ ಒಂದು ಕಾಗದ ಮುಗಿದು ಇನ್ನೊಂದು ಶುರುವಾಯಿತೆಂದು ತಿಳಿಯುವುದು ಹೇಗೆ? ಎಷ್ಟು ಅಕ್ಷರದ ಗುರುತು? ಐನೂರು? ಐವತ್ತು?

ಐದು! ಐದೇ ಐದು! ಇಂಗ್ಲಿಷಿನ ‘ಫ್ರಮ್’ನ ನಾಲ್ಕು ಅಕ್ಷರ, ಅದರ ಬೆನ್ನಿಗೊಂದು ಖಾಲಿ ಜಾಗ! ಆಮೇಲೆ ಕಳಿಸಿದವರ ವಿಳಾಸ, ತಾರೀಕು. ಆ ಒಂದು ಸಾಲನ್ನು ಪೋಸ್ಟಿನ ನೆತ್ತಿಯ ಮೇಲಿಟ್ಟು, ಪೋಸ್ಟಿನ ಕೊನೆಗೊಂದು ಸಾಲು ಖಾಲಿ ಬಿಟ್ಟರೆ ಆಯಿತು. ಪೋಸ್ಟು ಕಾಗದವಾಯಿತು!

ಮಾಡುವವರು ಯಾರು? ನೀವಲ್ಲ, ನೀವು ಟೈಪಿಸಿದ ಕಮಾಂಡನ್ನು ನಡೆಸುವ ಶೆಲ್! ಫಾರ್ ಎಂದು ಶುರು, ಡನ್ ಎಂದು ಮುಕ್ತಾಯ. ನಡುವೆ ಆ ‘ಫ್ರಮ್’ ಸಾಲು ಸೇರಿಸುವ ಫಾರ್‌ಮೇಲ್ ಎಂಬ ಪುಟಾಣಿ ಪ್ರೋಗ್ರಾಂ. ಆಮೇಲೆ >> ಗುರುತು, ಫೋಲ್ಡರಿನ ಹೆಸರು. ಒಂದೇ ಸಾಲು! ಸಾವಿರ ಪೋಸ್ಟಿದ್ದರೂ ಅದೇ ಸಾಲು!

ತಡೆಯಿರಿ, ಶೆಲ್ ಇಲ್ಲೊಂದು ಆಟ ಆಡುತ್ತದೆ. 1 ಆದಮೇಲೆ ಅದು ಎತ್ತಿಕೊಳ್ಳುವ ಫೈಲು ಯಾವುದು? 2 ಅಂದಿರಾ? ಅಲ್ಲ, 10! ಅಂಕಿಯೂ ಅದರ ಕಣ್ಣಿಗೆ ಅಕ್ಷರವೇ. ಫೈಲುಗಳ ಪಟ್ಟಿಯನ್ನು ಸಾರ್ಟ್ ಕಮಾಂಡಿಗೆ ಮೈನಸ್ ಎನ್ ಸೇರಿಸಿ ಕೊಡಿ, ಸರತಿ ಸರಿಯಾಗುತ್ತದೆ.

ಇನ್ನೊಂದು! ಬರೆದವರ ಮಾತಿನ ನಡುವೆಯೇ ಯಾವುದೋ ಸಾಲು ‘ಫ್ರಮ್’ ಎಂದು ಶುರುವಾದರೆ? ಕಾಗದ ಅಲ್ಲೇ ಎರಡು ಹೋಳು! ಮದ್ದು? ಆ ಸಾಲಿನ ಮುಂದೆ ಒಂದೇ ಒಂದು > ಗುರುತು. ಮುಗಿಯಿತು!

ಸೊಗಸು ಇನ್ನೂ ಇದೆ. ಪ್ರತಿ ಪೋಸ್ಟಿಗೂ ಒಂದು ಮೆಸೇಜ್ ಐಡಿ. ಯಾರಿಗೆ ಉತ್ತರವೆಂಬುದು ರೆಫರೆನ್ಸಸ್ ಸಾಲಿನಲ್ಲಿ. ಮೇಲ್ ಪ್ರೋಗ್ರಾಂ ಎರಡನ್ನೂ ಹಿಡಿದು ಜೋಡಿಸುತ್ತದೆ: ಪ್ರಶ್ನೆ, ಅದಕ್ಕೆ ಉತ್ತರ, ಉತ್ತರಕ್ಕೆ ಮರುತ್ತರ. ಚದುರಿದ್ದ ಜಗಳವೆಲ್ಲ ವಂಶವೃಕ್ಷದಂತೆ ಕಣ್ಣೆದುರು!

ಶೆಲ್ ಸ್ಕ್ರಿಪ್ಟಿಗೂ ನ್ಯೂಸ್‌ಗ್ರೂಪಿಗೂ ಇರುವ ನಂಟು ಎಷ್ಟು ಹಳೆಯದು? ಹುಟ್ಟಿನಷ್ಟೇ ಹಳೆಯದು! 1979ರಲ್ಲಿ ಸ್ಟೀವ್ ಬೆಲೋವಿನ್ ಬರೆದ, ನ್ಯೂಸ್‌ಗ್ರೂಪುಗಳ ಜಾಲವಾದ ಯೂಸ್‌ನೆಟ್ಟಿನ ಮೊಟ್ಟಮೊದಲ ಪ್ರೋಗ್ರಾಂ ಒಂದು ಶೆಲ್ ಸ್ಕ್ರಿಪ್ಟ್! ಉದ್ದ? ಸುಮಾರು 150 ಸಾಲು. ಜಗತ್ತಿನ ಹರಟೆಯೆಲ್ಲ ಅಲ್ಲಿಂದ ಹೊರಟಿತು!

ಉಳಿಸಿಕೊಂಡವರೂ ಇದ್ದರು. ಟೊರಾಂಟೊ ವಿಶ್ವವಿದ್ಯಾಲಯದ ಹೆನ್ರಿ ಸ್ಪೆನ್ಸರ್ 1981ರಿಂದ ಪೋಸ್ಟುಗಳನ್ನು ಮ್ಯಾಗ್ನೆಟಿಕ್ ಟೇಪಿಗೆ ತುಂಬಿಸಿಟ್ಟರು. ಹತ್ತು ವರ್ಷ! 141 ಟೇಪು! 20 ಲಕ್ಷಕ್ಕೂ ಹೆಚ್ಚು ಪೋಸ್ಟು! ಎಲ್ಲರೂ ಅಳಿಸುತ್ತಿದ್ದಾಗ ಒಬ್ಬರು ಎತ್ತಿಟ್ಟಿದ್ದರಿಂದ ನಮಗೆ ಒಂದು ಕಾಲದ ಮಾತು ಉಳಿಯಿತು!

ಇದೆಲ್ಲ ಹಳೇ ಕಥೆ ಅಂದಿರಾ? ಗೂಗಲ್ ಟೇಕ್‌ಔಟಿನಿಂದ ನಿಮ್ಮ ಜಿಮೇಲನ್ನು ಇಳಿಸಿಕೊಳ್ಳಿ. ಬರುವ ಫೈಲು ಯಾವುದು? ಎಂಬಾಕ್ಸ್! ನಿಮ್ಮ ಪ್ರತಿ ಕಾಗದದ ನೆತ್ತಿಯ ಮೇಲೂ ಅದೇ ಐದು ಅಕ್ಷರ!

ಇಂಟರ್ನೆಟ್ ಆರ್ಕೈವಿನಲ್ಲಿ ಎಷ್ಟೋ ಹಳೆಯ ನ್ಯೂಸ್‌ಗ್ರೂಪುಗಳು ಕೂತಿರುವುದೂ ಎಂಬಾಕ್ಸ್ ಫೈಲುಗಳಾಗಿಯೇ. ಒಂದನ್ನು ಇಳಿಸಿ. ಥಂಡರ್‌ಬರ್ಡ್ ಎಂಬ ಮೇಲ್ ಪ್ರೋಗ್ರಾಮಿನಲ್ಲಿ ತೆರೆಯಿರಿ. ಹುಡುಕುವ ಕಮಾಂಡ್ ಗ್ರೆಪ್ ಗೊತ್ತಿದ್ದರೆ ಮುಂಬಯಿ ವಿಳಾಸಗಳನ್ನು ಹುಡುಕಿ. 500 ರೂಪಾಯಿ ಕಟ್ಟಿ ಜಗತ್ತಿನ ಜೊತೆ ವಾದಕ್ಕಿಳಿದ ಯಾರೋ ಹುಡುಗಿ, ಯಾರೋ ಹುಡುಗ ಸಿಗಬಹುದು. ಸಿಕ್ಕರೆ ಬಿಡಬೇಡಿ, ನಿಮ್ಮ ಫೋಲ್ಡರಿಗೆ ಎತ್ತಿಟ್ಟುಕೊಳ್ಳಿ!